ನಕ್ಕರೂ ಮಾತ್ರೆ ತಗೊಂಡ್ರಾ ಅಂತ ಕೇಳ್ತಾಳೆ ಮೇಡಂ

ಬೈಪೋಲಾರ್ (ಒಂದಷ್ಟು ಕಾಲ ವಿಪರೀತ ಹುಮ್ಮಸ್ಸು, ಒಂದಷ್ಟು ಕಾಲ ವಿಪರೀತ ಮಂಕು ಬರೋ ಮಾನಸಿಕ ಕಾಯಿಲೆ) ಇರೋ ಮನೆಗಳಿಂದ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ರ ಬರೋರಲ್ಲಿ ಒಂದೇ ಜಗಳ ಮತ್ತೆ ಮತ್ತೆ ಬರುತ್ತೆ, ಜನ ಬೇರೆ ಊರು ಬೇರೆ ಆದ್ರೆ ಜಗಳ ಅದೇ, ಅದಕ್ಕೇ ಬರೀತಿದೀನಿ. ಗುರುತು ಸಿಗೋ ವಿವರ ಎಲ್ಲಾ ಬದಲಾಯ್ಸಿದೀನಿ, ಇಬ್ರ ಒಪ್ಪಿಗೆನೂ ಇದೆ.

ಮಲೆನಾಡು ಕಡೆ ಒಂದು ತಾಲ್ಲೂಕು ಊರು, ಗಂಡನದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. ಕಾಲೇಜು ಮುಗಿದ ಹೊತ್ತಲ್ಲಿ ಒಂದ್ಸಲ ತಿಂಗಳುಗಟ್ಲೆ ಮಂಕಾಗಿ ಮಲಗಿಬಿಟ್ಟಿದ್ದ, ಸೋಮಾರಿ ಅಂತ ಬೈದು ಬಿಟ್ಟಿದ್ರು. ಮದುವೆ ಆದ್ಮೇಲೆ ಮತ್ತೆ ಹಾಗಾದಾಗ ಹತ್ರದ ಡಾಕ್ಟ್ರು ಡಿಪ್ರೆಶನ್ ಮಾತ್ರೆ ಒಂದೇ ಬರ್ದುಕೊಟ್ರು. ಬೈಪೋಲಾರ್ ಎಷ್ಟೋ ಸಲ ಶುರುವಾಗೋದೇ ಡಿಪ್ರೆಶನ್ ಆಗಿ, ಆಗ ಹಿಂದೆ ಯಾವಾಗಾದ್ರೂ ವಿಪರೀತ ಹುಮ್ಮಸ್ಸು ಇತ್ತಾ, ಮನೇಲಿ ಬೇರೆಯವ್ರಿಗೆ ಇತ್ತಾ ಅಂತ ಕೇಳದೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ರೆ ಕೆಲವ್ರಿಗೆ ಅದು ಮೇನಿಯಾ, ಅಂದ್ರೆ ಹುಮ್ಮಸ್ಸು ಮಿತಿಮೀರಿದ ಸ್ಥಿತಿ, ಆ ಕಡೆ ತಿರುಗಿಬಿಡುತ್ತೆ. ಇವ್ನಿಗೆ ಅದರ ಜೊತೆಗೆ ತಂಗಿ ಮದುವೇನೂ ಸೇರ್ಕೊಂಡ್ತು, ಚಪ್ಪರ, ಅಡುಗೆಯವ್ರು, ನೆಂಟರನ್ನ ಬಸ್‌ಸ್ಟ್ಯಾಂಡಿಂದ ಕರ್ಕೊಂಡು ಬರೋದು ಅಂತ ರಾತ್ರಿಗಟ್ಲೆ ನಿದ್ದೆ ಇಲ್ಲ. ಮದುವೆ ಮುಗಿದು ಮನೆಯವ್ರೆಲ್ಲ ಸುಸ್ತಾಗಿ ಬಿದ್ಕೊಂಡ್ರೆ ಇವ್ನಿಗೆ ಸುಸ್ತೇ ಇಲ್ಲ. ಬೆಳಗಿನ ಜಾವ ಎದ್ದು ಟೂರಿಸ್ಟ್ ಬಿಸಿನೆಸ್ ಪ್ಲ್ಯಾನು, ಹೆಂಡತಿ ಒಡವೆ ಅಡ ಇಟ್ಟು ಸೆಕೆಂಡ್‌ಹ್ಯಾಂಡ್ ಟಿಟಿ ಗಾಡಿ ತಗೊಂಡ, ಕೇಳಿದ್ರೆ ಹೊಡೆಯೋಕೆ ಬಂದ. ಅತ್ತೆ ಪ್ರಕಾರ ಯಾರೋ ಮಾಟ ಮಾಡ್ಸಿದ್ರು. ಕೊನೆಗೆ ಅಡ್ಮಿಟ್ ಮಾಡಿ, ಬೈಪೋಲಾರ್ ಅಂತ ಗೊತ್ತಾಗಿ, ಮೂಡ್ ಏರಿಳಿತ ಹಿಡಿದಿಡೋ ಲಿಥಿಯಂ ಮಾತ್ರೆ ಶುರುವಾಯ್ತು, ಚೆನ್ನಾಗೂ ಆದ.

ಇದೆಲ್ಲ ಆಗಿ ವರ್ಷದ ಮೇಲೆ ನನ್ನ ಹತ್ರ ಬಂದ್ರು. ಕಾಯಿಲೆ ಬಗ್ಗೆ ಏನೂ ಕೇಳ್ಲಿಲ್ಲ, ಇಬ್ರಿಗೂ ಒಟ್ಟಿಗೆ ಇರೋದಕ್ಕೆ ಆಗ್ತಿಲ್ಲ ಅಂತ ಬಂದಿದ್ದು.

ಮೊದಲೆರಡು ಸಿಟ್ಟಿಂಗ್ ಬರೀ ಆರೋಪ, ಬಿಡಿ. ಆಮೇಲಿನ ಸಲ ಆಕೆ ಬ್ಯಾಗಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಲು, ಮಗಳ ಹಳೇ ಸ್ಕೂಲ್ ನೋಟ್‌ಬುಕ್ಕು, ಮುಂದೆ ಮಗ್ಗಿ ಇದೆ, ಹಿಂದಿನಿಂದ ಇವಳ ಬರವಣಿಗೆ. "ಫೋನಲ್ಲಿ 40 ನಿಮಿಷ ಮಾತಾಡಿದ್ರು." "ಹೊಸ ಶರ್ಟ್." "ಪಕ್ಕದ್ಮನೆ ಮಗು ಜೊತೆ ಜೋರಾಗಿ ನಕ್ರು." "ಸ್ನಾನ ಮಾಡ್ತಾ ಹಾಡು." ಎಲ್ಲದಕ್ಕೂ ಡೇಟು, ಕೆಲವಕ್ಕೆ ಕೆಂಪು ಪೆನ್ನಲ್ಲಿ ಗೆರೆ. ಆತ ಅದನ್ನ ನೋಡಿದ್ದು ಅವತ್ತೇ ಮೊದಲು. ಸುಮಾರು ಹೊತ್ತು ಪುಟ ತಿರುವಿ ಹೇಳಿದ, "ನೋಡಿ ಮೇಡಂ, ನಾನು ನಕ್ಕರೂ ಇವಳು ಮಾತ್ರೆ ತಗೊಂಡ್ರಾ ಅಂತ ಕೇಳ್ತಾಳೆ, ಸುಮ್ನೆ ಕೂತ್ರೆ ಡಾಕ್ಟ್ರಿಗೆ ಫೋನ್ ಮಾಡ್ಲಾ ಅಂತಾಳೆ. ನಗು ನಂದಾ ಕಾಯಿಲೆದಾ ಅಂತ ನಂಗೇ ಗೊತ್ತಾಗ್ತಿಲ್ಲ. ಅದನ್ನ ನೋಡೋಣ ಅಂತ್ಲೇ ಮಾತ್ರೆ ಬಿಟ್ಟಿದೀನಿ."

ಆಕೆ ಅಳಲಿಲ್ಲ. "ಒಡವೆ ಹೋಗಿದ್ದು ನಂದು ಕಣ್ರೀ" ಅಂದ್ಲು ಅಷ್ಟೇ.

ಇಬ್ರ ಮಾತೂ ನಿಜ. ಇಂಥ ಕಡೆ ಯಾರದು ಸರಿ ಅಂತ ಹೇಳೋಕೆ ಹೋದ್ರೆ ಕೆಲಸ ಕೆಡುತ್ತೆ, ಹಾಗಾಗಿ ನಾನು ಆತನ್ನ ಒಂದೇ ಕೇಳ್ದೆ, ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ರಿ. "ಒಂದು ಆರು ಗಂಟೆ" ಅಂದ. ಆಕೆ ತಕ್ಷಣ, "ಎರಡಕ್ಕೇ ಎದ್ದು ಅಂಗಳದಲ್ಲಿ ಓಡಾಡ್ತಿದ್ರು, ಮೊನ್ನೆನೂ ಅಷ್ಟೇ." ಅಷ್ಟೊಂದು ಬರೆದಿರೋ ನೋಟ್‌ಬುಕ್ಕಲ್ಲಿ ನಿದ್ದೆ ಬಗ್ಗೆ ಒಂದು ಸಾಲೂ ಇರ್ಲಿಲ್ಲ! ಅವತ್ತೇ ಇಬ್ರನ್ನೂ ಸೈಕಿಯಾಟ್ರಿಸ್ಟ್ ಹತ್ರ ಕಳ್ಸಿದೆ, ಯಾಕಂದ್ರೆ ಲಿಥಿಯಂ ದಿಢೀರ್ ಅಂತ ಬಿಟ್ರೆ ಮೇನಿಯಾ ವಾಪಸ್ ಬರೋ ಅಪಾಯ ಜಾಸ್ತಿ, ಬಿಟ್ಟಿದ್ದನ್ನ ನಾವೇ ಮನೇಲಿ ಶುರು ಮಾಡೋದೂ ಬೇಡ, ಡೋಸ್ ಅವರೇ ಹೇಳ್ಬೇಕು.

ನಾನು ಕೊಟ್ಟ ಸಲಹೆ ಇದು: ನಗೋದು, ಹಾಡೋದು, ಶರ್ಟ್ ಎಲ್ಲಾ ಬರೆಯೋದು ಬಿಟ್ಬಿಡಿ. ಮಲಗಿದ ಟೈಮು, ಎದ್ದ ಟೈಮು, ಮಾತ್ರೆ ತಗೊಂಡ್ರಾ ಇಲ್ವಾ, ಮೂರೇ ವಿಷಯ, ಬರೆಯೋದು ಆತನೇ, ಆಕೆ ವಾರಕ್ಕೊಮ್ಮೆ ನೋಡ್ಲಿ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಮ್ಮಿ ಮಲಗಿ ಬೆಳಗ್ಗೆ ಸುಸ್ತೂ ಇಲ್ಲ ಅಂದ್ರೆ ಆತನೇ ಡಾಕ್ಟ್ರಿಗೆ ಫೋನ್ ಮಾಡ್ಬೇಕು, ಮಾಡದಿದ್ರೆ ಆಕೆ ಮಾಡ್ತಾಳೆ, ಆಗ ಜಗಳ ಇಲ್ಲ. ಈ ಗೆರೆ ಪುಸ್ತಕದಲ್ಲಿ ಇರೋದಲ್ಲ, ನಾವು ಮೂರು ಜನ ಕೂತು ಈ ಮನೆಗೆ ಅಂತ ಹಾಕ್ಕೊಂಡಿದ್ದು. ಖುಷಿ ಯಾರಿಗೂ ಆಗಬಹುದು, ಎರಡು ಗಂಟೆ ಮಲಗಿ ದಿನವಿಡೀ ಓಡಾಡೋಕೆ ಆಗೋದು ಮಾತ್ರ ಎಲ್ರಿಗೂ ಆಗಲ್ಲ. ನಿದ್ದೆ ಬರ್ಲಿಲ್ಲ ಅಂತ ಒದ್ದಾಡೋರು ಬೇರೆ, ನಿದ್ದೆನೇ ಬೇಡ ಅನ್ನಿಸೋರು ಬೇರೆ, ಈ ಎರಡನೇದು ಮೇನಿಯಾದ ಲಕ್ಷಣ. ಇನ್ನೊಂದು, ಕೆಲವ್ರಲ್ಲಿ ನಿದ್ದೆ ಕೆಡೋದೇ ಮೇನಿಯಾನ ಎಬ್ಬಿಸುತ್ತೆ. ಮದುವೆ ಮನೆ, ಜಾತ್ರೆ, ರಾತ್ರಿಯಿಡೀ ಯಕ್ಷಗಾನ, ನೈಟ್ ಶಿಫ್ಟು, ಇಂಥವು ಆದ್ಮೇಲೆ ಶುರುವಾದ ಕೇಸುಗಳನ್ನ ನಾನು ಬೇಕಾದಷ್ಟು ನೋಡಿದೀನಿ.

ಕಾರಣ ಏನು ಅಂತ ಅತ್ತೆನೂ ಕೇಳಿದ್ರು. ಮುಖ್ಯ ಕಾರಣ ವಂಶದ್ದು, ವಿಚಾರಿಸಿದ್ರೆ ಇವರ ಮನೇಲೂ ತಾತನ ತಮ್ಮ ಒಬ್ರು ಆಗಾಗ ಮನೆ ಬಿಟ್ಟು ಹೋಗೋರಂತೆ, ಸಿಕ್ಕಸಿಕ್ಕೋರಿಗೆ ದುಡ್ಡು ಹಂಚೋರಂತೆ. ಅಂಥ ಮೈಗೆ ನಿದ್ದೆಗೇಡು, ಒತ್ತಡ, ಕುಡಿತ, ಗಾಂಜಾ, ಹೆಂಗಸರಲ್ಲಿ ಬಾಣಂತನ, ಇದ್ರಲ್ಲಿ ಯಾವುದಾದ್ರೂ ಸೇರಿದ್ರೆ ಹೊರಗೆ ಬರುತ್ತೆ. ಮಗಳಿಗೂ ಬರುತ್ತಾ ಅಂತ ಆಕೆ ಮೆಲ್ಲಗೆ ಕೇಳಿದ್ಲು. ತಂದೆ ತಾಯಲ್ಲಿ ಒಬ್ರಿಗೆ ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಸುಮಾರು 100ಕ್ಕೆ 5ರಿಂದ 10, ಅಂದ್ರೆ ಹೆಚ್ಚಿನ ಮಕ್ಕಳಿಗೆ ಬರಲ್ಲ. ದೇವಸ್ಥಾನಕ್ಕೆ ಹೋಗ್ಬೇಡಿ ಅಂತ ನಾನು ಯಾರಿಗೂ ಹೇಳಲ್ಲ, ಆದ್ರೆ ಮಾತಿನ ಮಧ್ಯೆ ಗೊತ್ತಾಯ್ತು, ಅತ್ತೆ ಹರಕೆ ಹೊತ್ತು ಮಗನಿಗೆ ಶನಿವಾರ ಶನಿವಾರ ಉಪ್ಪಿಲ್ಲದ ಸಪ್ಪೆ ಊಟ ಮಾಡಿಸ್ತಿದ್ರು. ಲಿಥಿಯಂ ತಗೊಳ್ಳೋರಿಗೆ ಇದು ಆಟ ಅಲ್ಲ. ಉಪ್ಪು ನೀರು ಕಮ್ಮಿ ಆದ್ರೆ ಕಿಡ್ನಿ ಲಿಥಿಯಂನ ಹೊರಗೆ ಬಿಡದೆ ಹಿಡ್ಕೊಳ್ಳುತ್ತೆ, ರಕ್ತದಲ್ಲಿ ಏರುತ್ತೆ. ರಾತ್ರಿ ಮಾತ್ರೆ ತಗೊಂಡು 12 ಗಂಟೆ ಕಳೆದ ಮೇಲೆ ರಕ್ತ ಕೊಟ್ಟಾಗ ಲಿಥಿಯಂ ಲೆವೆಲ್ ಸಾಮಾನ್ಯವಾಗಿ 0.6ರಿಂದ 1.0 (ರಿಪೋರ್ಟಲ್ಲಿ mmol/L ಅಂತ ಇರುತ್ತೆ) ಇರ್ಬೇಕು, 1.5 ದಾಟಿದ್ರೆ ಅಪಾಯ. ಕೈ ಜೋರಾಗಿ ನಡುಗೋದು, ವಾಂತಿ ಭೇದಿ, ನಡೀವಾಗ ತೂರಾಡೋದು, ಇವು ಕಂಡ್ರೆ ಆಸ್ಪತ್ರೆಗೆ ಓಡ್ಬೇಕು. ಬೆನ್ನುನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಕೇಳ್ಕೊಂಡು ತಗೊಳ್ಳೋ ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ಕೂಡ ಲೆವೆಲ್ ಏರಿಸುತ್ತೆ. ಅತ್ತೆಯವ್ರು ಹರಕೆನ ಪ್ರದಕ್ಷಿಣೆಗೆ ಬದಲಾಯ್ಸಿಕೊಂಡ್ರು, ದೇವ್ರೇನೂ ಬೇಜಾರು ಮಾಡ್ಕೊಂಡ ಹಾಗಿಲ್ಲ.

ದುಡ್ಡಿನ ವಿಷಯಕ್ಕೆ ನನ್ನನ್ನ ಬೈಯೋರಿದಾರೆ. ಆತ ಚೆನ್ನಾಗಿರೋವಾಗಲೇ ಕೂರ್ಸಿ ಬರೆಸಿದೆ, ನಿದ್ದೆ ಗೆರೆ ದಾಟಿದ ದಿನದಿಂದ ಎಟಿಎಂ ಕಾರ್ಡು, ಚೆಕ್‌ಬುಕ್ಕು ಆಕೆ ಹತ್ರ, ಯುಪಿಐ ಲಿಮಿಟ್ ಕಮ್ಮಿ, ಇಬ್ರೂ ಒಪ್ಪದೆ ಸಾಲ ಇಲ್ಲ, ಡಾಕ್ಟ್ರು ಸಾಕು ಅಂದ ಮೇಲೆ ಎಲ್ಲಾ ವಾಪಸ್. ಗಂಡಸಿನ ದುಡ್ಡು ಹೆಂಡತಿ ಕೈಗೆ ಕೊಡ್ಸಿದ್ರಲ್ಲ ಅಂತ ಆತನ ಭಾವ ಫೋನ್ ಮಾಡಿ ಕೂಗಾಡಿದ್ರು. ಕಿತ್ಕೊಂಡಿದ್ರೆ ನಾನೂ ಒಪ್ತಿರ್ಲಿಲ್ಲ. ಇಲ್ಲಿ ನಿಯಮ ಹಾಕಿದ್ದೇ ಆತ, ಯುಪಿಐ ಲಿಮಿಟ್ ಐಡಿಯಾ ಕೂಡ ಆತನದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆನೂ ಚಿಕಿತ್ಸೆ ಮಟ್ಟಿಗೆ ಇದೇ ಹಕ್ಕು ಕೊಡುತ್ತೆ, ನಂಗೆ ಹುಷಾರಿಲ್ಲದಾಗ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡ್ಬೇಕು ಅಂತ ಮುಂಚೆನೇ ಬರೆದಿಡಬಹುದು. ದುಡ್ಡಿನದು ಮಾತ್ರ ಮನೆಯೊಳಗಿನ ಒಪ್ಪಂದ, ಇಬ್ರೂ ಪಾಲಿಸಿದ್ರೆ ಉಂಟು.

ಇಂಥದ್ದು ನಿಮ್ಮ ಮನೇಲಿದ್ದು ಯಾರನ್ನ ಕೇಳೋದು ಗೊತ್ತಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಗಣೇಶನ ಹಬ್ಬದ ಟೈಮಲ್ಲಿ ಒಂದ್ಸಲ ಗೆರೆ ದಾಟಿತ್ತು, ಆತನೇ ಫೋನ್ ಮಾಡಿದ, ಡಾಕ್ಟ್ರು ಔಷಧಿ ಸರಿ ಮಾಡಿದ್ರು, ಅಡ್ಮಿಟ್ ಆಗೋ ಮಟ್ಟಕ್ಕೆ ಹೋಗ್ಲಿಲ್ಲ. ಟಿಟಿ ಗಾಡಿ ನಷ್ಟಕ್ಕೆ ಮಾರಿದ್ದಾಯ್ತು, ಒಡವೆ ಅರ್ಧ ಬಿಡಿಸ್ಕೊಂಡಿದಾರೆ. ಅತ್ತೆಯವ್ರು ಈಗ್ಲೂ ಬಂದಾಗೆಲ್ಲ ಮಾತ್ರೆ ಯಾವಾಗಮ್ಮ ನಿಲ್ಸೋದು ಅಂತ ಕೇಳ್ತಾರೆ, ಲಿಥಿಯಂ ತಗೊಳ್ಳೋರು ಆಗಾಗ ಮಾಡಿಸೋ ಥೈರಾಯ್ಡ್ ಕಿಡ್ನಿ ರಿಪೋರ್ಟ್ ತಗೊಂಡು ಹೋದಾಗ ಡಾಕ್ಟ್ರನ್ನೇ ಕೇಳಿ ಅಂತೀನಿ.