ಫೆರಾರಿ ವೇಷದ ಹೋಂಡಾ ಕೊಳ್ಳಬಹುದಾ?

ಪ್ರಶ್ನೆ: ಕೊಚ್ಚಿಯಲ್ಲಿ ಒಬ್ಬರು ಹಳೇ ಹೋಂಡಾ ಸಿಟಿಗೆ ಫೈಬರ್ ಬಾಡಿ ಕೂರಿಸಿ ಫೆರಾರಿ ಥರ ಮಾಡಿದ್ದಾರೆ. 9 ಲಕ್ಷ ಹೇಳ್ತಾರೆ. 'ಡೂಪ್ಲಿಕೇಟಿಗೆ ಅಷ್ಟು ದುಡ್ಡಾ' ಅಂತ ಅಪ್ಪನ ತಕರಾರು. ರೆಪ್ಲಿಕಾ ಅಂದ್ರೆ ಬರೀ ನಕಲಾ? – ಓದುಗ, ಉಪ್ಪಳ

ಉತ್ತರ: ಅಪ್ಪನ ಮಾತು ಈ ಕಾರಿನ ಮಟ್ಟಿಗೆ ಸರಿ. ಎಲ್ಲ ರೆಪ್ಲಿಕಾಕ್ಕೂ ಅಲ್ಲ.

ಕೋಬ್ರಾ ಕಾರನ್ನೇ ನೋಡಿ. 1962ರಲ್ಲಿ ಅಮೆರಿಕದ ರೇಸ್ ಚಾಲಕ ಕ್ಯಾರಲ್ ಶೆಲ್ಬಿ ಬ್ರಿಟನ್ನಿನ ಎ.ಸಿ. ಎಂಬ ಕಾರು ಕಂಪನಿಯ ಹಗುರ ಕಾರಿಗೆ ಫೋರ್ಡಿನ ಎಂಟು ಸಿಲಿಂಡರಿನ ವಿ8 ಇಂಜಿನ್ ಇಟ್ಟು ಮಾಡಿದ್ದು. ಆಗ ತಯಾರಾದದ್ದು ಸುಮಾರು ಸಾವಿರ. ಅವನ ಮೊದಲ ಕೋಬ್ರಾ 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ ಡಾಲರ್ ದಾಟಿತು. ಅಂಥದ್ದನ್ನು ಮಳೆಯಲ್ಲಿ ಯಾರು ಓಡಿಸ್ತಾರೆ? ರೆಪ್ಲಿಕಾದವನು ಓಡಿಸ್ತಾನೆ. ಅದೇ ಥರದ ಚಾಸಿ (ಕಾರಿನ ಅಡಿಯ ಚೌಕಟ್ಟು), ಅದೇ ಜಾತಿಯ ಇಂಜಿನ್, ಅದೇ ಗುಡುಗು. ಹಳೇ ಪೋರ್ಷೆ 356ರ ರೆಪ್ಲಿಕಾ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಚಾಸಿ ಮೇಲೆ ಮಾಡ್ತಾರೆ. ಅದೂ ಒಪ್ಪುವ ಮಾತೇ. ಮೂಲ 356 ಹುಟ್ಟಿದ್ದೇ ಬೀಟಲ್ ಬಿಡಿಭಾಗಗಳಿಂದ. ಎರಡರಲ್ಲೂ ಇಂಜಿನ್ ಹಿಂದೆ, ಗಾಳಿಯಲ್ಲೇ ತಣಿಯುವಂಥದ್ದು.

ನಿಮ್ಮದು ಬೇರೆ ಕಥೆ. ಸಿಟಿಯ ಇಂಜಿನ್ ಮುಂದಿದೆ, ಎಳೆಯೋದೂ ಮುಂದಿನ ಚಕ್ರ. ಮೇಲೆ ಹೊದಿಸಿದ್ದು ಇಂಜಿನ್ ನಡುವೆ, ಸೀಟಿನ ಹಿಂದೆ ಇರುವ ಕಾರಿನ ರೂಪ. ಹಾಗಾಗಿ ಮೂತಿ ಉದ್ದ, ಸೀಟು ಎತ್ತರ, ಬಾಗಿಲು ಸಿಟಿಯದ್ದೇ. ಕುಂಬಳೆಯ ನನ್ನ ಗ್ಯಾರೇಜಿಗೆ ಇಂಥದ್ದೊಂದು ಬಂದಿತ್ತು. ಜಾಲರಿ ಹಾಕಿದ ಹಿಂದಿನ ಮುಚ್ಚಳ ಎತ್ತಿದೆ. ಇಂಜಿನ್ ಇರಬೇಕಾದ ಜಾಗದಲ್ಲಿ ಒಂದು ಸ್ಟೆಪ್ನಿ, ಒಂದು ಕೊಡೆ!

ಕೆಲಸ ಹೇಗಿದೆ ನೋಡಬೇಕಾದ್ರೆ ಸಂಜೆ ಬಿಸಿಲಲ್ಲಿ ಓರೆಯಾಗಿ ನಿಂತು ನೋಡಿ. ಬಾಡಿ ಮೇಲೆ ಬಿದ್ದ ಬೆಳಕು ಅಲೆಅಲೆಯಾಗಿ ಕಂಡರೆ ಅಚ್ಚು ಸರಿ ಇಲ್ಲ. ಬಾಗಿಲಿನ ಹಿಂಜ್ ಸುತ್ತ ಜೇಡರ ಬಲೆ ಥರ ಸಣ್ಣ ಬಿರುಕು ಇದ್ರೆ ಫೈಬರ್ ತೆಳು. ನಮ್ಮ ಕಡಲ ಬದಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರನ್ನು ಕರಕೊಂಡು ಹೋಗಿ. ಬೆರಳಲ್ಲಿ ತಟ್ಟಿಯೇ ಹೇಳ್ತಾರೆ.

ಇನ್ನು ಕಾಗದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಅಡ್ಡ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ್ದೇ ಕೇಸಲ್ಲಿ ಅದನ್ನು ಎತ್ತಿಹಿಡಿದಿದೆ. ಆರ್‌ಸಿಯಲ್ಲಿ ಹೋಂಡಾ ಸೆಡಾನ್, ರಸ್ತೆಯಲ್ಲಿ ಫೆರಾರಿ ಅಂದ್ರೆ ತಲಪಾಡಿ ಗಡಿ ದಾಟುವ ಮೊದಲೇ ಪೊಲೀಸರ ಕೈ ಅಡ್ಡ ಬರುತ್ತೆ. ಇನ್ಶೂರೆನ್ಸಿನವರೂ ನೆಪ ಹುಡುಕ್ತಾರೆ. ಆಮೇಲೆ ಆ ಕುದುರೆ ಲಾಂಛನ, ಆ ರೂಪ ಎರಡೂ ಫೆರಾರಿಯ ಸೊತ್ತು. ಫೈಬರ್ ಬಾಡಿಯ ನಕಲು ಮಾಡಿದವರ ವಿರುದ್ಧ ಫೆರಾರಿ 1991ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟಲ್ಲಿ ಗೆದ್ದಿದೆ.

ಬೆಲೆ ಉಳಿಯುತ್ತಾ ಅಂದ್ರೆ, ಇಲ್ಲ. ಮಾರಲು ಹೋದಾಗ ಸಿಟಿಯ ಬೆಲೆಯೂ ಸಿಗದು. ಅದೇ 9 ಲಕ್ಷಕ್ಕೆ ಒಳ್ಳೆ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಹುಡುಕಿ. ನೋಟ ಸಾಧಾರಣ, ಓಟ ಅಸಲಿ.

ಪ್ರಶ್ನೆ: ಮಗನಿಗೆ ಫೆರಾರಿ 250 ಜಿಟಿಒ ಮಾಡೆಲ್ ಕಾರು ಕೊಡಿಸಬೇಕು. 1:18 ಅಂದ್ರೆ ಎಷ್ಟು ದೊಡ್ಡದು? – ಓದುಗರು, ಬದಿಯಡ್ಕ

ಉತ್ತರ: ಮೂಲ ಕಾರಿನ ಹದಿನೆಂಟರಲ್ಲಿ ಒಂದು ಪಾಲು, ಅಂದ್ರೆ ಸುಮಾರು 24 ಸೆಂಟಿಮೀಟರ್ ಉದ್ದ. ಮೂಲ ಕಾರು ಮಾಡಿದ್ದೇ 36, ಒಂದು 2018ರಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯ್ತು. ಬಾನೆಟ್ ತೆರೆಯುವಂಥದ್ದನ್ನೇ ತಗೊಳ್ಳಿ. ಒಳಗಿನ ವಿ12 ಇಂಜಿನ್ ನೋಡದೆ ಇದ್ದರೆ ಸುಮ್ನೆ ದುಡ್ಡು ದಂಡ.