ಓದುಗರ ಪ್ರಶ್ನೆ: 32 ಬಿಟ್ ಕಾರ್ಡು, 16 ಜಿಬಿ ಮೆಮೊರಿ

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ನಾವು ಮೂವರು ಸೇರಿ, ಸೆನ್ಸರುಗಳ ದತ್ತಾಂಶ ಸಂಗ್ರಹಿಸುವ ಪಿಸಿಐ ಕಾರ್ಡೊಂದಕ್ಕೆ ಲಿನಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬರೆದಿದ್ದೇವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಮೆಮೊರಿ ಕೊಡುವ ‘ಕೆಮ್ಯಾಲಾಕ್’ನಿಂದ ಪಡೆದ ಬಫರಿನ ವಿಳಾಸವನ್ನು ‘ವರ್ಟ್ ಟು ಫಿಸ್’ ಮೂಲಕ ಭೌತಿಕ ವಿಳಾಸವಾಗಿಸಿ, ಕಾರ್ಡಿನ 32 ಬಿಟ್ ರಿಜಿಸ್ಟರಿಗೆ ಬರೆಯುತ್ತೇವೆ. ಲ್ಯಾಬಿನ 2 ಜಿಬಿಯ ಹಳೆಯ ಕಂಪ್ಯೂಟರಿನಲ್ಲಿ ತೊಂದರೆಯಿಲ್ಲ. 16 ಜಿಬಿಯ ಹೊಸದರಲ್ಲಿ ಒಮ್ಮೊಮ್ಮೆ ದತ್ತಾಂಶ ಬರುವುದಿಲ್ಲ, ಒಮ್ಮೊಮ್ಮೆ ಯಂತ್ರವೇ ನಿಂತುಬಿಡುತ್ತದೆ. ಕೆಮ್ಯಾಲಾಕ್‌ಗೆ ‘ಜಿಎಫ್‌ಪಿ ಡಿಎಂಎ’ ಎಂಬ ಸೂಚನೆ ಸೇರಿಸಿದರೆ ಸಾಕೇ?
– ಒಬ್ಬ ವಿದ್ಯಾರ್ಥಿ, ಕಲಬುರಗಿ

ಉತ್ತರ: ಸಾಲದು. ಡಿಎಂಎ ಎಂದರೆ ಕಾರ್ಡು ಪ್ರೊಸೆಸರಿನ ಕೈ ಹಿಡಿಯದೆ ತಾನೇ ಮೆಮೊರಿಯನ್ನು ಓದಿ ಬರೆಯುವುದು. 32 ಬಿಟ್ ವಿಳಾಸದ ನಿಮ್ಮ ಕಾರ್ಡಿಗೆ ಮೊದಲ 4 ಜಿಬಿಯ ಆಚೆ ಕೈ ಚಾಚಲು ಬರುವುದಿಲ್ಲ. ಹಳೆಯ ಯಂತ್ರದ ಮೆಮೊರಿಯೆಲ್ಲ ಆ ಗೆರೆಯ ಕೆಳಗೇ ಇತ್ತು. ಹೊಸ ಯಂತ್ರದಲ್ಲಿ ಮುಕ್ಕಾಲಿಗೂ ಹೆಚ್ಚು ಭಾಗ ಮೇಲಿದೆ. ಅಲ್ಲಿಯ ಬಫರಿನ ವಿಳಾಸವನ್ನು 32 ಬಿಟ್ ರಿಜಿಸ್ಟರಿಗೆ ಬರೆದಾಗ ಮೇಲಿನ ಬಿಟ್ಟುಗಳು ಕತ್ತರಿಸಿಹೋಗಿ, ಕಾರ್ಡು ಬೇರೆ ಯಾರದೋ ಮೆಮೊರಿಯ ಮೇಲೆ ಬರೆಯುತ್ತದೆ. ಯಂತ್ರ ನಿಲ್ಲುವುದು ಅದಕ್ಕೇ. ‘ಜಿಎಫ್‌ಪಿ ಡಿಎಂಎ’ ಎಂಬುದು ಎಕ್ಸ್86 ಯಂತ್ರಗಳಲ್ಲಿ 24 ಬಿಟ್‌ನ ಹಳೆಯ ಐಎಸ್‌ಎ ಕಾರ್ಡುಗಳಿಗಾಗಿ ಕಾದಿಟ್ಟ ಮೊದಲ 16 ಎಂಬಿ ಮಾತ್ರ. ಅಷ್ಟು ಇಕ್ಕಟ್ಟಾದ ಜಾಗಕ್ಕೆ ನೀವು ಹೋಗಬೇಕಾದ ಅಗತ್ಯವಿಲ್ಲ.

‘ವರ್ಟ್ ಟು ಫಿಸ್’ ಸಾಲನ್ನು ಅಳಿಸಿ. ಡ್ರೈವರಿನ ಪ್ರೋಬ್ ಹಂತದಲ್ಲಿ (ಕಾರ್ಡು ಸಿಕ್ಕಾಗ ನಡೆಯುವ ಸಿದ್ಧತೆಯಲ್ಲಿ) ‘ಡಿಎಂಎ ಸೆಟ್ ಮಾಸ್ಕ್ ಆ್ಯಂಡ್ ಕೊಹೆರೆಂಟ್’ ಕರೆದು, ಕಾರ್ಡಿನ ವಿಳಾಸದ ಮಿತಿ, ಅಂದರೆ ಮಾಸ್ಕ್, 32 ಬಿಟ್ ಎಂದು ಕರ್ನಲ್‌ಗೆ ತಿಳಿಸಿ. ಡಿಸ್ಕ್ರಿಪ್ಟರ್ ರಿಂಗ್‌ನಂತೆ (ಕಾರ್ಡಿಗೆ ಬಫರುಗಳನ್ನು ತೋರಿಸುವ ಪಟ್ಟಿ) ಕೊನೆಯವರೆಗೂ ಉಳಿಯುವ ಜಾಗವನ್ನು ‘ಡಿಎಂಎ ಅಲಾಕ್ ಕೊಹೆರೆಂಟ್’ನಿಂದ ಪಡೆಯಿರಿ, ಬಂದುಹೋಗುವ ದತ್ತಾಂಶಕ್ಕೆ ‘ಡಿಎಂಎ ಮ್ಯಾಪ್ ಸಿಂಗಲ್’ ಬಳಸಿ ಕಾರ್ಡಿಗೆ ಕೊಡಬೇಕಾದ ವಿಳಾಸ ಪಡೆಯಿರಿ (ಇದೇ ಮ್ಯಾಪಿಂಗ್), ಅದು ಸೋತಿದೆಯೇ ಎಂದು ‘ಡಿಎಂಎ ಮ್ಯಾಪಿಂಗ್ ಎರರ್’ನಿಂದ ಪ್ರತಿಸಲವೂ ಪರೀಕ್ಷಿಸಿ. ಹೀಗೆ ಸಿಗುವ ವಿಳಾಸ ಭೌತಿಕ ವಿಳಾಸವೇ ಆಗಿರಬೇಕೆಂದಿಲ್ಲ. ಐಒಎಂಎಂಯು (ಕಾರ್ಡಿನ ವಿಳಾಸವನ್ನು ಮೆಮೊರಿಯ ವಿಳಾಸಕ್ಕೆ ತಿರುಗಿಸುವ ಯಂತ್ರಾಂಶ) ಇದ್ದರೆ ಅದು ಕಾರ್ಡಿಗೆಂದೇ ಬೇರೆ ವಿಳಾಸವನ್ನು ಹೊಂದಿಸಿಕೊಡುತ್ತದೆ.

ಐಒಎಂಎಂಯು ಇಲ್ಲದಿದ್ದರೆ ಕರ್ನಲ್, ಎಸ್‌ಡಬ್ಲ್ಯೂಐಒಟಿಎಲ್‌ಬಿ ಎಂಬ, 4 ಜಿಬಿ ಗೆರೆಯ ಕೆಳಗಿನ ಜಾಗದಲ್ಲಿ ತಾತ್ಕಾಲಿಕ ಬಫರು ಕೊಟ್ಟು, ಅಲ್ಲಿಂದ ನಿಮ್ಮ ಬಫರಿಗೆ ನಕಲು ಮಾಡುತ್ತದೆ. ನಿಮ್ಮೂರಿನ ಗಂಜಿನಲ್ಲಿ ತೊಗರಿ ಲಾರಿ ಒಳಗಲ್ಲಿಗೆ ಹೋಗಲಾರದೆ ಬೀದಿಯ ಬಾಯಲ್ಲೇ ನಿಂತಾಗ ಹಮಾಲರು ಚೀಲ ಹೊತ್ತು ಮಳಿಗೆ ಸೇರಿಸುತ್ತಾರಲ್ಲ, ಹಾಗೆ. ಇಲ್ಲಿ ಹೊರುವುದು ಪ್ರೊಸೆಸರು, ಹಮಾಲಿಯೂ ಅದರ ಸಮಯದಿಂದಲೇ. ಈ ಜಾಗ ಸಾಮಾನ್ಯವಾಗಿ 64 ಎಂಬಿ, ಒಂದು ಮ್ಯಾಪಿಂಗಿಗೆ ಹೆಚ್ಚೆಂದರೆ 256 ಕೆಬಿ. ಮ್ಯಾಪ್ ಮಾಡಿದ್ದನ್ನು ಅನ್‌ಮ್ಯಾಪ್ ಮಾಡಲು ಮರೆಯುತ್ತ ಹೋದರೆ ಅದು ತುಂಬಿ, ಮುಂದಿನ ಮ್ಯಾಪಿಂಗುಗಳು ಸೋಲುತ್ತವೆ.

ವಿದ್ಯಾರ್ಥಿಗಳ ಡ್ರೈವರುಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇನ್ನೊಂದಿದೆ. ಕಾರ್ಡು ಕೆಲಸ ಮುಗಿಸಿ ಇಂಟರಪ್ಟ್ ಕೊಟ್ಟ ಕೂಡಲೇ ಬಫರನ್ನು ಓದಿಬಿಡುತ್ತಾರೆ. ಆದರೆ ದತ್ತಾಂಶ ಆಗ ಇನ್ನೂ ತಾತ್ಕಾಲಿಕ ಬಫರಿನಲ್ಲೇ ಇರುತ್ತದೆ. ಅನ್‌ಮ್ಯಾಪ್ ಮಾಡಿದಾಗ ಅಥವಾ ‘ಡಿಎಂಎ ಸಿಂಕ್ ಸಿಂಗಲ್ ಫಾರ್ ಸಿಪಿಯು’ ಕರೆದಾಗಲೇ ಅದು ನಿಮ್ಮ ಬಫರಿಗೆ ಬರುವುದು. ಈ ತಪ್ಪು 2 ಜಿಬಿ ಯಂತ್ರದಲ್ಲಿ ಎಂದೂ ಕಾಣಿಸದು, ಏಕೆಂದರೆ ಅಲ್ಲಿ ನಕಲೇ ನಡೆಯುವುದಿಲ್ಲ. ಆದ್ದರಿಂದ ಹಳೆಯ ಯಂತ್ರವನ್ನೇ ‘ಎಸ್‌ಡಬ್ಲ್ಯೂಐಒಟಿಎಲ್‌ಬಿ = ಫೋರ್ಸ್’ ಎಂಬ ಬೂಟ್ ಸೂಚನೆಯೊಂದಿಗೆ ಚಾಲೂ ಮಾಡಿ ಪರೀಕ್ಷಿಸಿರಿ; ಆಗ ಪ್ರತಿಯೊಂದು ಮ್ಯಾಪಿಂಗೂ ನಕಲಿನ ದಾರಿಯಲ್ಲೇ ಹೋಗುತ್ತದೆ.

ಪ್ರಶ್ನೆ: ನಮ್ಮ ಕಾರ್ಡಿನ ಕೈಪಿಡಿಯಲ್ಲಿ ವಿಳಾಸದ ಮಿತಿ 40 ಬಿಟ್ ಎಂದಿದೆ. ಮಾಸ್ಕನ್ನು 64 ಎಂದು ಕೊಟ್ಟರೂ ಕರೆ ಯಶಸ್ವಿಯಾಗುತ್ತದೆ. ಹಾಗೆಯೇ ಬಿಡಬಹುದೇ?
– ಒಬ್ಬ ಓದುಗರು, ಬೀದರ್

ಉತ್ತರ: ಬಿಡಬೇಡಿ. ಈಗಿನ ಕರ್ನಲ್‌ಗಳಲ್ಲಿ 64 ಬಿಟ್ ಮಾಸ್ಕಿನ ಕರೆ ಸೋಲುವುದೇ ಇಲ್ಲ. ಆ ಯಶಸ್ಸು ಕಾರ್ಡಿನ ಸಾಮರ್ಥ್ಯಕ್ಕೆ ಸಾಕ್ಷಿಯಲ್ಲ. ಯಂತ್ರದಲ್ಲಿ ಎಷ್ಟು ಜಿಬಿ ಇದೆ ಎಂಬುದನ್ನೂ ಇಲ್ಲಿ ನೋಡಬೇಕಿಲ್ಲ, ಏಕೆಂದರೆ ಐಒಎಂಎಂಯು ಕೊಡುವ ವಿಳಾಸಕ್ಕೂ ನಿಮ್ಮ ಮೆಮೊರಿಯ ಗಾತ್ರಕ್ಕೂ ಸಂಬಂಧವಿಲ್ಲ. ಕೈಪಿಡಿಯಲ್ಲಿರುವ 40 ಅನ್ನೇ ಕೊಡಿ.