ಕಾಗದಕ್ಕೆ ಹೆದರಬೇಡಿ, ಪಟ್ಟಿ ಮುಟ್ಟಬೇಡಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ವರ್ಷವಾಯಿತು, ಸಣ್ಣ ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ ಅಂತ ಬರೆದಿದ್ದೀರಿ. ಬಿಟ್ಟರೆ ಎರಡು ವರ್ಷ ಅಲ್ಲಿನ ಕ್ಲೈಂಟುಗಳ ಕೆಲಸ ಮಾಡಬಾರದು ಅಂತ ಸಹಿ ಹಾಕಿಸಿಕೊಂಡಿದ್ದಾರೆ. ಈಗ ಒಬ್ಬ ಕ್ಲೈಂಟೇ ತಮ್ಮ ಕಂಪನಿಗೆ ಕರೆಯುತ್ತಿದ್ದಾರೆ. ಹೋದರೆ ಕೇಸು ಬೀಳುತ್ತದಾ? ಜೊತೆಗೆ ವೀಸಾ, ಬಾಡಿಗೆ, ಮಗಳ ಕನ್ನಡ ಕ್ಲಾಸು.

ವೀಸಾ ಎಚ್-1ಬಿ ಆದರೆ, ಹೊಸ ಕಂಪನಿಯವರು ನಿಮ್ಮ ಹೆಸರಲ್ಲಿ ಅರ್ಜಿ ಹಾಕುವ ತನಕ ಇದ್ದ ಕೆಲಸ ಬಿಡಬೇಡಿ. ಬಾಡಿಗೆ ಸುದ್ದಿ ಬೇಡ, ಹೊಟ್ಟೆ ಉರಿಯುತ್ತದೆ.

ಆ ಸಹಿಯ ವಿಷಯಕ್ಕೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಷರತ್ತಿಗೆ ಬೆಲೆಯಿಲ್ಲ. 2008ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟು ಎಡ್ವರ್ಡ್ಸ್ ಎಂಬ ಟ್ಯಾಕ್ಸ್ ಮ್ಯಾನೇಜರ್ ಕೇಸಿನಲ್ಲಿ ಇದನ್ನೇ ಹೇಳಿತು. ಬಿಟ್ಟ ಮೇಲೆ 18 ತಿಂಗಳು ತಾನು ನೋಡಿಕೊಂಡ ಕ್ಲೈಂಟುಗಳ ಕೆಲಸ ಮಾಡುವುದಿಲ್ಲ ಅಂತ ಆತ ಆರ್ಥರ್ ಆಂಡರ್ಸನ್ ಎಂಬ ಅಕೌಂಟಿಂಗ್ ಕಂಪನಿಗೆ ಬರೆದುಕೊಟ್ಟಿದ್ದ. ಕೋರ್ಟು ಅದನ್ನು ಹೊಡೆದುಹಾಕಿತು. 2024ರಿಂದಂತೂ ಬೇರೆ ರಾಜ್ಯದಲ್ಲಿ ಸಹಿ ಹಾಕಿದ ಕಾಗದವೂ ಇಲ್ಲಿ ನಡೆಯುವುದಿಲ್ಲ. ನಮ್ಮ ಭಾರತದ ಕಾಂಟ್ರ್ಯಾಕ್ಟ್ ಆಕ್ಟ್‌ನ 27ನೇ ಸೆಕ್ಷನ್ನೂ ಇಂಥ ಷರತ್ತನ್ನು ತಡೆಯುವ ಇಲ್ಲಿನ ಮೂಲ ಕಾನೂನಿನ ದಾಯಾದಿಯೇ. ಎರಡೂ 1872ರವು, ಎರಡಕ್ಕೂ ನ್ಯೂಯಾರ್ಕಿನ ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲರ ಕರಡೇ ಮೂಲ. ಆದರೆ ಟೆಕ್ಸಾಸಿನಲ್ಲಿರುವ ನಿಮ್ಮ ಭಾವಮೈದನಿಗೆ ಇದನ್ನು ಹೇಳಲು ಹೋಗಬೇಡಿ. ಅಲ್ಲಿ ಅವಧಿ, ವ್ಯಾಪ್ತಿ ಅತಿಯಾಗದಿದ್ದರೆ ಕೋರ್ಟು ಎತ್ತಿಹಿಡಿಯುತ್ತದೆ.

ಇಷ್ಟೆಲ್ಲಾ ನನಗೆ ಹೇಗೆ ಗೊತ್ತು ಅಂದರೆ, ನಾನೂ ಟ್ಯಾಕ್ಸ್ ಆಫೀಸಿನವನೇ. 2003ರಲ್ಲಿ ಬಂದಿಳಿದಾಗ ನಮ್ಮ ಬಾಸೇ ಏರ್‌ಪೋರ್ಟಿಗೆ ಬಂದಿದ್ದರು. ಹಾಸನದ ಕಡೆಯವರು. ಮನೆಗೆ ಕರೆದುಕೊಂಡು ಹೋಗಿ ಬಿಸಿ ಅನ್ನ, ಹುರುಳಿಕಾಳಿನ ಸಾರು ಹಾಕಿದರು. ಮೂರು ವಾರ ಅವರ ಮನೆಯಲ್ಲೇ ಇದ್ದೆ. ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದ್ದೂ ಅವರ ಊಟದ ಮೇಜಿನ ಮೇಲೆ. ಓದಲಿಲ್ಲ. ಅನ್ನ ಹಾಕಿದವರ ಮುಂದೆ ಕೂತು ಕಾಗದ ಓದುವುದು ಹೇಗೆ ಹೇಳಿ?

2010ರಲ್ಲಿ ಗ್ರೀನ್ ಕಾರ್ಡ್ ಬಂತು, ಸ್ವಂತ ಆಫೀಸು ಮಾಡುವ ಆಸೆ ಹುಟ್ಟಿತು. ಕ್ಲೈಂಟುಗಳಲ್ಲಿ ಇಬ್ಬರು ಹೋಟೆಲಿನವರು, ನೀನು ಹೋದರೆ ನಾವೂ ಬರುತ್ತೇವೆ ಅಂದರು. ಬಿಡುವ ಹಿಂದಿನ ರಾತ್ರಿ ಕ್ಲೈಂಟುಗಳ ಎಕ್ಸೆಲ್ ಶೀಟನ್ನು ನನ್ನ ಸ್ವಂತ ಇಮೇಲಿಗೆ ಕಳಿಸಿಕೊಂಡೆ. ಯಾರ ಫೀಸು ಎಷ್ಟು, ಯಾರ ರಿಟರ್ನ್ ಯಾವಾಗ, ಎಲ್ಲಾ ಇತ್ತು. ಸುಮ್ನೆ, ಇರಲಿ ಅಂತ. ಆಣೆ ಮಾಡಿ ಹೇಳುತ್ತೇನೆ, ಒಬ್ಬರಿಗೂ ಅದನ್ನು ನೋಡಿ ಫೋನ್ ಮಾಡಲಿಲ್ಲ.

ಎರಡು ತಿಂಗಳಿಗೆ ಬಾಸಿನ ವಕೀಲರ ಪತ್ರ ಬಂತು. ನಿಮ್ಮಂತೆ ನನ್ನ ಕಾಂಟ್ರ್ಯಾಕ್ಟಿನಲ್ಲೂ ಇದ್ದ ಎರಡು ವರ್ಷದ ಷರತ್ತಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದ್ದದ್ದು ಆ ಶೀಟಿನ ಮಾತು ಮಾತ್ರ. ನನ್ನ ವಕೀಲೆ ಷರತ್ತು ಓದಿ ನಕ್ಕರು, ಇಮೇಲ್ ನೋಡಿ ನಗು ನಿಲ್ಲಿಸಿದರು. ಕ್ಲೈಂಟು ತಾನಾಗಿ ಬಂದರೆ ತಪ್ಪಿಲ್ಲ, ಆದರೆ ಕಂಪನಿಯ ಪಟ್ಟಿ ಟ್ರೇಡ್ ಸೀಕ್ರೆಟ್, ಅಂದರೆ ವ್ಯಾಪಾರದ ಗುಟ್ಟು, ಆಗಬಹುದು, ಅದಕ್ಕೆ ಬೇರೆಯೇ ಕಾನೂನಿದೆ ಅಂದರು. ಕೊನೆಗೆ ದುಡ್ಡು ಕೊಟ್ಟು, ಫೈಲು ಅಳಿಸಿ, ಬರೆದುಕೊಟ್ಟು ಮುಗಿಸಿದೆ. ಆ ವರ್ಷ ಊರಿಗೆ ಹೋಗಲಾಗಲಿಲ್ಲ.

ಹಾಗಾಗಿ ಬಿಡುವ ಮೊದಲು ಒಂದು ಹಾಳೆಯನ್ನೂ ಮನೆಗೆ ತರಬೇಡಿ. ಈಗಿನ ಆಫೀಸಿನ ಸಂಬಳ ತೆಗೆದುಕೊಳ್ಳುವ ಕೊನೆಯ ದಿನದವರೆಗೂ ಆ ಕ್ಲೈಂಟಿನ ಹತ್ತಿರ ಆಫೀಸಿನ ಕೆಲಸದ ಮಾತಷ್ಟೇ ಆಡಿ. ಕಾಂಟ್ರ್ಯಾಕ್ಟನ್ನು ಒಬ್ಬ ವಕೀಲರಿಗೆ ತೋರಿಸಿ, ಒಂದು ಗಂಟೆಯ ಫೀಸು ದಂಡವಲ್ಲ.

ಇನ್ನೊಂದು, ಇದು ಕಾನೂನಲ್ಲ. ನಾನು ಬಿಡುತ್ತಿದ್ದೇನೆ ಅನ್ನುವುದನ್ನು ನಮ್ಮ ಬಾಸಿಗೆ ಇಮೇಲಿನಲ್ಲಿ ತಿಳಿಸಿದೆ. ಒಂದೇ ಗೋಡೆಯ ಆಚೆ ಕೂತಿದ್ದರು. ಎದ್ದು ಹೋಗಿ ಹೇಳಿದ್ದರೆ ಆ ಇಬ್ಬರನ್ನು ಅವರೇ ಕಳಿಸಿಕೊಡುತ್ತಿದ್ದರೇನೋ.

ಕನ್ನಡ ಕ್ಲಾಸಿಗೆ ಯೋಚನೆ ಬೇಡ, ವಾರಾಂತ್ಯದಲ್ಲಿ ನಡೆಯುತ್ತದೆ, ಮಗಳನ್ನು ಸೇರಿಸಿ. ನಮ್ಮ ಮಗನೂ ಬರುತ್ತಾನೆ. ಅವರ ಮೊಮ್ಮಗಳೂ ಅಲ್ಲೇ. ಕರೆದುಕೊಂಡು ಹೋಗಲು ಅವರೇ ಬರುತ್ತಾರೆ, ಬಾಗಿಲ ಹತ್ತಿರ ನಿಂತಿರುತ್ತಾರೆ. ನಾನು ಕಾರಿನಲ್ಲೇ ಕೂತಿರುತ್ತೇನೆ.